ನನ್ನೊಬ್ಬಳಿಗೆ ಪಾಲಿಸಿ ಇಲ್ಲವಂತೆ

ನಿನ್ನೆ ಬೆಳಿಗ್ಗೆ ಬಂಗಾರಪೇಟೆಯ ಇನ್ಶೂರೆನ್ಸ್ ಏಜೆಂಟ್ ಫೋನ್ ಮಾಡಿದರು. ನಮ್ಮ ಯಜಮಾನರಿಗೆ, ಇಬ್ಬರು ಮಕ್ಕಳಿಗೆ ಹೆಲ್ತ್ ಪಾಲಿಸಿ ಸಿಕ್ಕಿದೆ. ನನಗೆ ಮಾತ್ರ ರಿಜೆಕ್ಟ್.

ಯಾಕೆ ಅಂದೆ. ನೀವು ಕಾಯಿಲೆ ಮುಚ್ಚಿಟ್ಟಿದ್ದೀರಂತೆ ಅಂದರು.

ನಾನಾ...

ಅರ್ಜಿ ತುಂಬುವಾಗ ಬೆನ್ನಿನ ಡಿಸ್ಕ್ ವಿಷಯ ಬಾಯಿಬಿಟ್ಟು ಹೇಳಿದವಳೇ ನಾನು. ಹೋದ ವರ್ಷ ಬೂಸಾ ಮೂಟೆ ಎತ್ತುವಾಗ ಸೊಂಟ ಹಿಡಿದುಕೊಂಡಿತು, ಎರಡು ತಿಂಗಳು ಒದ್ದಾಡಿದೆ, ಫಿಸಿಯೋಥೆರಪಿಯಲ್ಲಿ ವಾಸಿಯಾಯಿತು. ಅದಕ್ಕೆ ಮುಂಚೆ ಒಂದು ದಿನವೂ ಬೆನ್ನು ನೋವು ಅಂದವಳಲ್ಲ.

ಈಗಲೂ ಬೂದಿಕೋಟೆಯಲ್ಲಿ ದಿನವಿಡೀ ಬಟ್ಟೆ ಹೊಲಿದು, ಮನೆಗೆ ಬಂದು ಎರಡು ಹಸು ಕರೆಯುತ್ತೇನೆ.

ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯನ್ನೂ ನಾನೇ ಕೊಟ್ಟಿದ್ದೆ. ಇಂಗ್ಲಿಷಿನಲ್ಲಿತ್ತು, ಓದಿರಲಿಲ್ಲ. ಏಜೆಂಟ್ ಓದಿ ಹೇಳಿದರು... ಐದು ವರ್ಷದಿಂದ ಬೆನ್ನು ನೋವು, ಎಡಗಾಲು ಜೋಮು, ಆಗಾಗ ಬೀಳುತ್ತಾರೆ.

ಆಗ ನೆನಪಾಯಿತು.

ಅವತ್ತು ಕೆಜಿಎಫ್‌ನ ಆಸ್ಪತ್ರೆಯಲ್ಲಿ ನೋವಿಗೆ ಮಾತೇ ಹೊರಡದೆ ಮಲಗಿದ್ದೆ. ಎಷ್ಟು ದಿನದಿಂದ ಹೀಗೆ ಅಂತ ಡ್ಯೂಟಿ ಡಾಕ್ಟರ್ ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದು ನಮ್ಮ ಅತ್ತೆ.

"ಐದ್ ವರ್ಸದಿಂದ ಇಂಗೇ ಸಾರ್. ಕಾಲು ಜೋಮಿಡ್ದು ಎಷ್ಟೋ ಕಿತ ಬಿದ್ದೋಗವ್ಳೆ."

ನಮ್ಮ ಕಡೆ ಡಾಕ್ಟರ್ ಮುಂದೆ ಕಾಯಿಲೆಯನ್ನು ಸ್ವಲ್ಪ ಎಳೆದೇ ಹೇಳುವುದು. ನಿನ್ನೆಯಿಂದ ಅಂದರೆ ಎರಡು ಮಾತ್ರೆ ಕೊಟ್ಟು ಕಳಿಸಿಬಿಡುತ್ತಾರೆ ಅನ್ನುವ ಭಯ. ಸೊಸೆಯನ್ನು ಚೆನ್ನಾಗಿ ನೋಡಲಿ ಅಂತಲೇ ಅತ್ತೆ ಹಾಗಂದಿದ್ದು.

ಸ್ಕ್ಯಾನ್ ಅವತ್ತೇ ಆಯಿತು. ಸುಳ್ಳು ಅಂತ ಗೊತ್ತಿದ್ದೂ ನಾನು ಸುಮ್ಮನಿದ್ದೆ. ನಿಜ ಹೇಳಬೇಕೆಂದರೆ, ಒಳಗೊಳಗೇ ಖುಷಿಯೂ ಆಗಿತ್ತು.

ಬೇರೆ ಕಂಪನಿಗೆ ಹೋದರೂ ಮುಂಚೆ ರಿಜೆಕ್ಟ್ ಆಗಿದೆಯಾ ಅಂತ ಕೇಳುತ್ತಾರಂತೆ. ಬೆನ್ನಿನ ಮಾತು ಬಿಡಿ, ನಾಳೆ ಡೆಂಗಿ ಬಂದು ಅಡ್ಮಿಟ್ ಆದರೂ ನನಗೆ ಇನ್ಶೂರೆನ್ಸ್ ಇಲ್ಲ.

ಅತ್ತೆಗೆ ಹೇಳಬಾರದು ಅಂದುಕೊಂಡಿದ್ದೆ. ಯಜಮಾನರು ಊಟದ ಹೊತ್ತಿನಲ್ಲಿ ಹೇಳಿಯೇಬಿಟ್ಟರು. ಅತ್ತೆ ತಟ್ಟೆ ಪಕ್ಕಕ್ಕೆ ಸರಿಸಿದರು.

ಆಮೇಲೆ ಅಂದರು, "ಸುಳ್ಳು ಯೋಳಿದ್ದು ನಾನು. ಆ ಡಾಕ್ಟ್ರತ್ರ ನಾನೇ ಬಂದು ನಿಜ ಯೋಳ್ತೀನಿ, ನಡಿಯಮ್ಮ."

ಆ ಡಾಕ್ಟರ್ ಯಾವಾಗಲೋ ಆಸ್ಪತ್ರೆ ಬಿಟ್ಟು ಹೋಗಿದ್ದಾರೆ. ಎಷ್ಟು ಹೇಳಿದರೂ ಅತ್ತೆ ಕೇಳುತ್ತಿಲ್ಲ. ಇವತ್ತು ಒಳ್ಳೆ ಸೀರೆ ಉಟ್ಟು, ಬಸ್ಸಿಗೆ ಹೊರಟು ಬಾಗಿಲಲ್ಲೇ ಕೂತಿದ್ದಾರೆ...

ಅವತ್ತು ಅತ್ತೆ ಹೇಳಿದ್ದನ್ನು ಡಾಕ್ಟರ್ ಮರುಮಾತಿಲ್ಲದೆ ಬರೆದುಕೊಂಡರು. ಇವತ್ತು ಹೇಳುವುದನ್ನು ಯಾರು ಬರೆದುಕೊಳ್ಳುತ್ತಾರೆ, ನೀವೇ ಹೇಳಿ?