ಚಿಕ್ಕಪ್ಪನಿಗೆ ನೋವು ಹೇಳಲು ಕಲಿಸಿದ್ದು

ಚಿಕ್ಕಪ್ಪ ಮಿಲಿಟರಿಯಲ್ಲಿದ್ದಾಗ ಹಿಮದಲ್ಲಿ ಕಾವಲು ಕಾಯುತ್ತ ಎಡಗಾಲಿನ ಮೂರು ಬೆರಳು ಕಳೆದುಕೊಂಡರು. ಪಾಂಡವಪುರದ ಹತ್ತಿರದ ನಮ್ಮೂರಿಗೆ ಅವರನ್ನು ಕಳಿಸಿದರೇ ಹೊರತು ಗಾಯಾಳುಗಳಿಗೆ ಸಲ್ಲಬೇಕಾದ ಪಿಂಚಣಿ ಕೊಡಲಿಲ್ಲ. ಕೆಸರುಗದ್ದೆಯಲ್ಲಿ ಆ ಕಾಲು ನಿಲ್ಲುತ್ತಿರಲಿಲ್ಲ. ಪಿಂಚಣಿಯಿಲ್ಲದೆ ಆಳು ಕರೆಯುವ ಶಕ್ತಿಯೂ ಇರಲಿಲ್ಲ. ಕೊಡದಿದ್ದುದಕ್ಕೆ ಕಾರಣ ಅವರು ಕಳಿಸಿದ ಕಾಗದದಲ್ಲೇ ಇತ್ತು: ವೈದ್ಯರ ಮಂಡಳಿಯ ಮುಂದೆ ಈತ ಯಾವ ತೊಂದರೆಯನ್ನೂ ಹೇಳಿಕೊಂಡಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ಬಿ.ಎ. ಓದುತ್ತ, ಚರ್ಚಾಸ್ಪರ್ಧೆಗಳಲ್ಲಿ ಗೆಲ್ಲುತ್ತ, ಯಾರ ಮಾತನ್ನೂ ಸುಮ್ಮನೆ ಒಪ್ಪದೆ ಓಡಾಡುತ್ತಿದ್ದೆ. ಮಂಡಳಿ ಸುಳ್ಳು ಬರೆದಿದೆ ಎಂದೇ ವಾದ ಹೂಡಿದೆ.

"ಸುಳ್ಳಲ್ಲ ಕಣವ್ವ," ಅಂದರು ಚಿಕ್ಕಪ್ಪ. "ಎಂಗಿದ್ದೀಯಪ್ಪ ಅಂದ್ರು. ಚೆನ್ನಾಗಿವ್ನಿ ಸಾ, ನಿಮ್ ದಯ ಅಂದೆ."

"ಯಾಕಂಗಂದ್ರಿ?"

"ಮತ್ತಿನ್ನೇನನ್ಬೇಕು? ಕೇಳ್ದೋರ್ ಮುಂದೆ ಕಷ್ಟ ಹರವ್ಕಂಡ್ ಕೂತ್ಕಳಕಾದದಾ?"

ನಮ್ಮ ಕಡೆ ಜ್ವರದಲ್ಲಿ ಮಲಗಿದವರೂ ಹಾಗೇ ಅನ್ನುವುದು. ಅದು ಮರ್ಯಾದೆಯ ಮಾತು, ಸಾಕ್ಷ್ಯವಲ್ಲ ಎಂದು ನಾಲ್ಕು ಪುಟದ ಮೇಲ್ಮನವಿ ಬರೆದೆ. ಬೆರಳಿಲ್ಲದ್ದು ಕಣ್ಣಿಗೆ ಕಾಣುವಾಗ ಬಾಯಿಮಾತು ಯಾಕೆ ಬೇಕಿತ್ತು ಎಂದೂ ಕೇಳಿದೆ. ಎಷ್ಟೋ ತಿಂಗಳ ಮೇಲೆ ಮರುಪರೀಕ್ಷೆಗೆ ಕರೆ ಬಂತು.

ಶುರುವಾಯಿತು ತಾಲೀಮು. ಜಗಲಿಯ ಮೇಲೆ ನಾನೇ ಡಾಕ್ಟರು.

"ಹೇಗಿದ್ದೀರಿ?"

"ಚೆನ್ನಾ... ನೋವದೆ ಸಾ."

"ಎಷ್ಟು?"

"ಒಸಿ."

"ಒಸಿ ಅನ್ಬೇಡಿ ಚಿಕ್ಕಪ್ಪ. ಕೆಸರಿಗಿಳಿದ್ರೆ ನಿಲ್ಲಕ್ಕಾಗಲ್ಲ ಅನ್ನಿ."

ರಾಗಿ ಕೇರುತ್ತಿದ್ದ ಚಿಕ್ಕಮ್ಮ ತಲೆಯೆತ್ತದೆ ಅಂದರು: "ನನ್ ತಾವ ಬೆಳಗಾದ್ರೆ ಕಾಲು ಕಾಲು ಅಂತಾರೆ. ಅಲ್ಲೋದ್ರೆ ಬಾಯ್ಗೆ ಬೀಗ."

ಮರುಪರೀಕ್ಷೆಯ ದಿನ ಬೆಂಗಳೂರಿನ ಮಿಲಿಟರಿ ಆಸ್ಪತ್ರೆಗೆ ನಾನು ಹತ್ತು ಅಂಶ ಬರೆದುಕೊಂಡು ಹೋಗಿದ್ದೆ. ನನ್ನನ್ನು ಬಾಗಿಲಲ್ಲೇ ತಡೆದರು. ಬೂಟು ಬಿಚ್ಚಲು ನೆರವಿಗೆಂದು ಚಿಕ್ಕಮ್ಮನನ್ನು ಬಿಟ್ಟರು. ಒಳಗೆ ನಡೆದದ್ದನ್ನು ರೈಲಿನಲ್ಲಿ ಆಕೆಯೇ ಹೇಳಿದ್ದು. ಕನ್ನಡದವರೇ ಆದ ಡಾಕ್ಟರೊಬ್ಬರು, "ಊಟ ಆಯ್ತಾ, ಚೆನ್ನಾಗಿದ್ದೀರಾ" ಅಂದರಂತೆ. ಅಷ್ಟು ಪ್ರೀತಿಯಿಂದ ಕೇಳಿದ ಮೇಲೆ ನನ್ನ ತಾಲೀಮು ಎಲ್ಲಿ ನಿಂತೀತು? ಚಿಕ್ಕಪ್ಪ, ಚೆನ್ನಾಗಿದ್ದೇನೆ ಅಂದೇಬಿಟ್ಟರು.

"ನಾನ್ ಸುಮ್ಕಿರ್ನಿಲ್ಲ ಕಣೆ," ಅಂದರು ಚಿಕ್ಕಮ್ಮ. "ಇವ್ರ್ ಮಾತ್ ಬರ್ಕಬ್ಯಾಡಿ ಸಾಮಿ, ಬರಿಗಾಲಲ್ಲಿ ಆ ಗೋಡೆಗಂಟ ನಡ್ಸಿ ನೋಡಿ ಅಂದೆ. ನಡ್ಸುದ್ರು. ಅರ್ಧಕ್ಕೇ ಮುಗ್ಗರಿಸ್ಬುಟ್ರು."



ಪಿಂಚಣಿ ಮಂಜೂರಾಯಿತು. ಹಿಂದಿನ ವರ್ಷಗಳಿಗಲ್ಲ, ಮುಂದಕ್ಕೆ ಮಾತ್ರ. ತೊಂದರೆ ಈಗ ಹೆಚ್ಚಾಗಿದೆಯಂತೆ. ಹೋದ ಬೆರಳು ಇನ್ನಷ್ಟು ಹೋಗುವುದು ಹೇಗೆ ಎಂದು ಕೇಳಿ ಇನ್ನೊಂದು ಮನವಿ ಹಾಕಿದೆ. ಅದಕ್ಕೆ ಇವತ್ತಿಗೂ ಉತ್ತರ ಬಂದಿಲ್ಲ. ನಾನು ಬಿಟ್ಟೂ ಇಲ್ಲ.

ಚಿಕ್ಕಪ್ಪನಿಗೆ ಆ ಚಿಂತೆಯಿರಲಿಲ್ಲ. ಪಿಂಚಣಿ ಬಂದ ವರ್ಷ ನಾಟಿಗೆ ಆಳು ಕರೆದರು. ತಾವು ಬದುವಿನ ಮೇಲೆ ಕಾಲು ಚಾಚಿ ಕೂತು, "ಏನ್ರವ್ವಾ, ಸಾಲು ಹಾವ್ ಹರ್ದಂಗೆ ಹೋಗ್ತಾ ಅದೆ" ಎಂದು ತಪ್ಪು ಹುಡುಕುತ್ತಿದ್ದರು.

ನೆಡುತ್ತಿದ್ದ ಹೆಂಗಸೊಬ್ಬಳು ಸೊಂಟ ನೇರ ಮಾಡಿಕೊಂಡಳು. "ನೋಡ್ಕಂಡ್ ಕೂತಿರೋರ್ಗೆ ಎಲ್ಲಾ ಸೊಟ್ಟಗೇ ಕಾಣ್ತದೆ ಬುಡಣ್ಣ."

ಚಿಕ್ಕಪ್ಪ ನಕ್ಕು, ಎಲ್ಲರಿಗೂ ಟೀ ತರುವಂತೆ ಮನೆ ಕಡೆ ಕೂಗು ಹಾಕಿದರು.