ಮೇಷ್ಟ್ರ ಪದ್ಮಿನಿಗೆ ವೈರು ಅಡಗಿಸಿದ್ದು

ಕೊರೊನಾ ಮುಗಿದು ಜನ ಮುಖಕ್ಕೆ ಕಟ್ಟಿದ್ದ ಬಟ್ಟೆ ಬಿಚ್ಚಿದ ವರ್ಷ. ಶಿರಾದಿಂದ ಮಧುಗಿರಿಗೆ ಹೋಗುವ ರಸ್ತೆಯ ಪಕ್ಕದಲ್ಲಿ ನನ್ನ ಆಟೋ ಎಲೆಕ್ಟ್ರಿಕಲ್ ಅಂಗಡಿ ಆಗಿನ್ನೂ ನಡೆಯುತ್ತಿತ್ತು. ಲಾರಿಗಳ ಡೈನಮೊ, ಟ್ರ್ಯಾಕ್ಟರುಗಳ ಸೆಲ್ಫ್ ಮೋಟರು, ಸುಟ್ಟುಹೋದ ಹೆಡ್‌ಲೈಟು, ಇವೇ ದಿನನಿತ್ಯದ ಕೆಲಸ. ಕಾರಿನ ಎಂಜಿನ್ ಬೇ, ಎಂದರೆ ಬಾನೆಟ್ ಎತ್ತಿದರೆ ಕಾಣುವ ಜಾಗ, ನೋಡುವುದಕ್ಕೂ ಚೆನ್ನಾಗಿರಬೇಕು ಎಂದು ಅಲ್ಲಿಯವರೆಗೆ ಯಾರೂ ನನ್ನನ್ನು ಕೇಳಿರಲಿಲ್ಲ.

ಮೊದಲು ಕೇಳಿದವರು ಶಶಿಕಲಾ. ಕೊರಟಗೆರೆಯಲ್ಲಿ ಹೈಸ್ಕೂಲು ಟೀಚರು. ಆಕೆಯ ತಂದೆ ನಂಜುಂಡಪ್ಪನವರು ಮಧುಗಿರಿಯಲ್ಲಿ ಡ್ರೈವಿಂಗ್ ಕಲಿಸುತ್ತಿದ್ದವರು. ನಾನೂ ಸೇರಿದಂತೆ ನಮ್ಮ ಕಡೆಯ ಅದೆಷ್ಟೋ ಜನ ಅವರ ಪದ್ಮಿನಿ ಕಾರಿನಲ್ಲೇ ಗೇರು ಹಾಕುವುದನ್ನು ಕಲಿತೆವು. ಸಕ್ಕರೆ ಕಾಯಿಲೆ ಮೇಷ್ಟ್ರ ಎರಡೂ ಕಣ್ಣುಗಳನ್ನು ತೆಗೆದುಕೊಂಡ ಮೇಲೆ ಕಾರು ಹಿತ್ತಲ ಶೆಡ್ಡು ಸೇರಿತು. ಅವರು ಮನೆ ಸೇರಿದರು. ಮನೆ ಬಿಟ್ಟು ಬೀದಿಗೆ ಬರುತ್ತಿರಲಿಲ್ಲವಂತೆ.

ಶಶಿಕಲಾ ಆ ಕಾರನ್ನು ತುಮಕೂರಿಗೆ ಸಾಗಿಸಿ, ತುಕ್ಕು ಹಿಡಿದ ತಗಡೆಲ್ಲ ಬದಲಿಸಿ, ಹಾಲುಕೆನೆಯಂಥ ಬಣ್ಣ ಹೊಡೆಸಿ, ಗೂಡ್ಸ್ ಲಾರಿಯ ಮೇಲೆ ನನ್ನ ಅಂಗಡಿಗೆ ತಂದಿಳಿಸಿದರು. ಎಂಜಿನ್ ಬಿಚ್ಚಿ ಕೂಡಿಸಿಯಾಗಿತ್ತು. ವೈರಿಂಗ್ ಮಾತ್ರ ಬಾಕಿ. ಫೋನಿನಲ್ಲಿ ಒಂದು ಚಿತ್ರ ತೋರಿಸಿದರು. ಬಾನೆಟ್ ಒಳಗೆ ಎಂಜಿನ್ ಮಾತ್ರ, ಹುಡುಕಿದರೂ ಒಂದು ವೈರು ಕಾಣುತ್ತಿರಲಿಲ್ಲ.

“ಕರೀಮಣ್ಣ, ಹಿಂಗೇ ಆಗ್ಬೇಕು. ಅಪ್ಪಂಗೆ ಕಾಣಲ್ಲ, ಗೊತ್ತು. ನೋಡಿದೋರು ‘ನಿಮ್ಮ ಗಾಡಿ ಎಷ್ಟು ಚೆನ್ನಾಗೈತೆ’ ಅಂತ ಅಪ್ಪನ ಹತ್ರ ಹೇಳ್ಬೇಕು, ಅಷ್ಟೇ,” ಎಂದರು.

ಹಳೆಯ ವೈರಿಂಗ್ ಕಿಟ್ಟನ್ನು ಬಿಚ್ಚಿ ನೆಲದ ಮೇಲೆ ಹರಡಿದೆ. ಕಿಟ್ಟು ಎಂದರೆ ಒಂದು ದಪ್ಪ ಕಟ್ಟು. ಅದರಿಂದ ಎಂಜಿನ್ನಿಗೆ ಕಿಡಿ ಕೊಡುವ ಕಾಯಿಲಿಗೆ, ಹಾರ್ನಿಗೆ, ದೀಪಗಳಿಗೆ ಕವಲುಗಳು ಒಡೆದಿರುತ್ತವೆ. ಮೇಷ್ಟ್ರು ವರ್ಷ ವರ್ಷ ಒಂದೊಂದು ಎಳೆ ಸೇರಿಸಿ, ಒಂದೊಂದಕ್ಕೂ ಒಂದು ಕ್ಲಿಪ್ಪು ಹೊಡೆದಿದ್ದರು. ನಾನು ಅದರ ಅಳತೆಗೆ ಹೊಸ ವೈರು ಕತ್ತರಿಸಿದೆ. ಕಟ್ಟನ್ನು ಮಡ್‌ಗಾರ್ಡಿನ ಒಳಮಗ್ಗುಲಿಗೆ ಇಳಿಸಿ, ಫೈರ್‌ವಾಲ್, ಅಂದರೆ ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ತಗಡಿನ ಗೋಡೆ, ಅದರ ಅಂಚಿನ ಕೆಳಗಿಂದ ಹಾಯಿಸಿದೆ. ತಗಡು ತೂರುವ ಕಡೆಯಲ್ಲೆಲ್ಲ ವೈರು ಉಜ್ಜಿ ಶಾರ್ಟ್ ಆಗದಿರಲೆಂದು ರಬ್ಬರ್ ಬಳೆ ತೊಡಿಸಿದೆ. ಫ್ಯೂಸ್ ಡಬ್ಬಿ, ರಿಲೇಗಳನ್ನು ಡ್ಯಾಶ್‌ಬೋರ್ಡಿನ ಹಿಂದಕ್ಕೆ ಕಳಿಸಿದೆ. ಮುಗಿದ ಮೇಲೆ ನಾನೇ ದೂರ ನಿಂತು ಸುಮ್ಮನೆ ನೋಡಿದ್ದುಂಟು. ಇಷ್ಟು ವರ್ಷ ಗ್ರೀಸಿನಲ್ಲಿ ಕೈಯಾಡಿಸಿದವನಿಗೆ ಅದೊಂದು ಹಬ್ಬ.

ಎಂಜಿನ್ ಸ್ಟಾರ್ಟ್ ಆಗುವ ಸದ್ದು ಕೇಳಿಸಲು ಒಂದು ಭಾನುವಾರ ಶಶಿಕಲಾ ಮೇಷ್ಟ್ರನ್ನು ಕರೆತಂದರು. ಬಿಳಿ ಶರಟು, ಎಣ್ಣೆ ಹಚ್ಚಿ ಬಾಚಿದ ತಲೆ. ಎಂಜಿನ್ ಒಂದೇ ಸಲಕ್ಕೆ ಹಿಡಿಯಿತು. ಮೇಷ್ಟ್ರು ತಲೆ ಒಂದು ಕಡೆಗೆ ವಾಲಿಸಿ ಬಹಳ ಹೊತ್ತು ಕೇಳಿದರು.

“ಆಫ್ ಮಾಡ್ಲಾ ಕರೀಮಾ. ಒಂದು ಕಿತ ಕೈ ಆಡುಸ್ತೀನಿ,” ಎಂದರು.

ಕಾಯಿಲ್ ಇದ್ದ ಕಡೆಗೆ ಕೈ ನೇರವಾಗಿ ಹೋಯಿತು. ಅಲ್ಲಿಂದ ವೈರು ಹಿಡಿದು ಮುಂದಕ್ಕೆ ಸಾಗಬೇಕಿದ್ದ ಬೆರಳುಗಳಿಗೆ ನುಣ್ಣನೆಯ ತಗಡು ಸಿಕ್ಕಿತು. ಎಡಕ್ಕೆ ತಡವಿದರು, ಬಲಕ್ಕೆ ತಡವಿದರು. ಹೊಸ ಬಣ್ಣದ ಮೇಲೆ ಅವರ ಬೆರಳು ಜಾರುತ್ತಿದ್ದವು.

“ಇದ್ಯಾವ ಗಾಡಿಲಾ?”

“ನಮ್ದೇ ಕಣಪ್ಪಾ,” ಎಂದರು ಮಗಳು.

“ನಮ್ದಾದ್ರೆ ವೈರೆಲ್ಲೈತಮ್ಮ?”

ಮೇಷ್ಟ್ರು ಕೈಯನ್ನು ಪಂಚೆಗೆ ಒರೆಸಿಕೊಂಡು ಬೆಂಚು ಹುಡುಕಿ ಕುಳಿತರು. ಕಣ್ಣು ಹೋದ ಮೇಲೂ ಶೆಡ್ಡಿನಲ್ಲಿ ದಿನಾ ಬೆಳಿಗ್ಗೆ ಬಾನೆಟ್ ಎತ್ತಿ ವೈರುಗಳ ಮೇಲೆ ಕೈಯಾಡಿಸುತ್ತಿದ್ದರಂತೆ. ಶಶಿಕಲಾ ಅದನ್ನು ನನಗೆ ಹೇಳಿದ್ದು ಆಗಲೇ. ಅಂಗಡಿಯ ಹೊರಗೆ ಬಂದು, ಸೆರಗಿನಿಂದ ಮೂಗು ಒರೆಸಿಕೊಂಡು, “ಎಲ್ಲಾ ಮೊದ್ಲಿದ್ದಂಗೇ ಮಾಡ್ಬುಡಿ ಕರೀಮಣ್ಣ. ನನ್ನ ಹುಚ್ಚು ಇದು,” ಎಂದರು.

ಅದು ಹೇಳಿದಷ್ಟು ಸಲೀಸಾಗಿರಲಿಲ್ಲ. ಹಳೆಯ ಕ್ಲಿಪ್ಪುಗಳ ತೂತುಗಳನ್ನೆಲ್ಲ ತುಮಕೂರಿನ ಟಿಂಕರ್ ಬೆಸುಗೆ ಹಾಕಿ ಮುಚ್ಚಿದ್ದ. ಮತ್ತೆ ವೈರು ಮೇಲೆ ಕೂರಿಸಬೇಕೆಂದರೆ ಆ ಹೊಸ ಬಣ್ಣಕ್ಕೆ ಡ್ರಿಲ್ ಹಿಡಿಯಬೇಕು. ಡ್ರಿಲ್ ಎಂಬ ಮಾತು ಒಳಗೆ ಕುಳಿತ ಮೇಷ್ಟ್ರ ಕಿವಿಗೆ ಬಿತ್ತು.

“ಬಣ್ಣಕ್ಕೆ ತೂತು ಹೊಡಿಬ್ಯಾಡ್ರಿ. ಮಗು ಆಸೆಪಟ್ಟು ಮಾಡ್ಸೈತೆ. ಕರೀಮಾ, ನೀನು ಎಳ್ದಿರೋದನ್ನ ಬಿಚ್ಚು. ನಾನೇ ಅಡಗ್ಸಿ ಎಳೀತೀನಿ. ಅಡಗ್ಸಿದೋನಿಗೆ ಅಡಗ್ಸಿದ್ ಜಾಗ ಗೊತ್ತಿರ್ತದೆ.”

ಮರುದಿನದಿಂದ ಅವರು ಮಧುಗಿರಿಯಿಂದ ಒಬ್ಬರೇ ಬಸ್ಸಿನಲ್ಲಿ ಬರತೊಡಗಿದರು. ಮಗಳು ಬೇಡವೆಂದು ಬೇಡಿಕೊಂಡರೂ ಕೇಳಲಿಲ್ಲ. ಕಂಡಕ್ಟರ್ ಅಂಗಡಿಯ ಮುಂದೆಯೇ ಇಳಿಸುತ್ತಿದ್ದ. ಅವನೂ ಮೇಷ್ಟ್ರ ಶಿಷ್ಯ.

ಬಣ್ಣ ನೋಡಿ ವೈರು ಗುರುತಿಸುವುದು ನನ್ನ ಕಸುಬು. ಅವರಿಗೆ ಬಣ್ಣವಿರಲಿಲ್ಲ. ಪ್ರತಿ ಕವಲಿಗೂ ಮೇಣ ಹಚ್ಚಿದ ದಾರದಿಂದ ಬೇರೆ ಬೇರೆ ಬಗೆಯ ಗಂಟು ಹಾಕಿಕೊಂಡರು. ಹಾರ್ನಿನದು ಒತ್ತಾದ ಗಂಟು, ದೀಪದ್ದು ಹೆಣಿಗೆಯಂಥದು, ಕಾಯಿಲಿನದಕ್ಕೆ ಬಟ್ಟೆ ಟೇಪು. ನಾನು ಬಿಗಿಯಾಗಿ ಎಳೆದರೆ, “ಎಂಜಿನ್ ಅಲ್ಲಾಡ್ತದೆ ಕಣ್ಲಾ, ವಸಿ ಸಡ್ಲ ಬುಡು,” ಎನ್ನುತ್ತಿದ್ದರು. ಒಂದು ವಿಷಯಕ್ಕೆ ಮಾತ್ರ ಜಗಳವೇ ಆಯಿತು. ಮುಖ್ಯ ಕಟ್ಟನ್ನು ಸೈಲೆನ್ಸರ್ ಪೈಪಿನ ಕಡೆಯಿಂದ ಒಯ್ಯಬೇಕೆಂದು ಅವರ ಹಟ. ತಮ್ಮ ಕೈ ಆ ಕಡೆಗೇ ರೂಢಿ ಎಂದರು. ಶಾಖಕ್ಕೆ ವೈರಿನ ಮೇಲಿನ ಸಿಪ್ಪೆ ಕರಗುತ್ತದೆ ಎಂದು ನಾನು. ಮಧ್ಯಾಹ್ನದವರೆಗೆ ಮಾತು ಬಿಟ್ಟರು. ಕೊನೆಗೆ ಎಂಜಿನ್ ಕಾಯಿಸಿ, ಅವರ ಕೈಯನ್ನು ಪೈಪಿನ ಹತ್ತಿರ ಹಿಡಿದೆ. ಥಟ್ಟನೆ ಹಿಂದಕ್ಕೆಳೆದುಕೊಂಡು, “ನೀನೇ ಗೆದ್ದೆ ಬುಡಪ್ಪಾ,” ಎಂದು ನಕ್ಕರು.

ಆ ದಿನಗಳು ನನಗೆ ಈಗಲೂ ನೆನಪಾಗುತ್ತವೆ. ಕೈ ಕೆಲಸ ಮಾಡುತ್ತಿರುವಾಗ ಬಾಯಿ ಹಳೆಯದನ್ನೆಲ್ಲ ಹೇಳುತ್ತಿತ್ತು. ಪಾವಗಡದ ಕಡೆಯಿಂದ ಬಂದ ಶಿಷ್ಯನೊಬ್ಬ, “ಬ್ರೇಕು ಒತ್ತು” ಎಂದರೆ ಗಾಬರಿಯಲ್ಲಿ ಹಾರ್ನ್ ಒತ್ತುತ್ತಿದ್ದನಂತೆ. “ಆಮೇಲೆ ಅವ್ನ ತೆಲುಗಲ್ಲೇ ‘ತೊಕ್ಕು, ತೊಕ್ಕು’, ತುಳಿ ತುಳಿ ಅಂತ ಕಿರುಚ್ದೆ ನೋಡು, ಗಾಡಿ ಬಂಡೆ ಮುಂದೆ ನಿಂತ್ಕೊಂತು,” ಎಂದು ಹೇಳಿ, ಹಿಡಿದ ವೈರನ್ನೂ ಮರೆತು ನಗುತ್ತಿದ್ದರು. ಟೀ ತರಿಸಿದರೆ ಸಕ್ಕರೆ ಇಲ್ಲದ್ದು ಅವರಿಗೆ, ಎರಡರಷ್ಟು ಸಕ್ಕರೆಯದು ನನಗೆ. ನನ್ನ ಲೋಟದ ವಾಸನೆಯೇ ತಮಗೆ ಸಾಕು ಎನ್ನುತ್ತಿದ್ದರು.

ಕೆಲಸ ಮುಗಿದ ಮೇಲೆ ಕಾರನ್ನು ಪಾವಗಡದ ಕಡೆಗೆ ಓಡಿಸಿ ನೋಡಿದೆವು. ಶಶಿಕಲಾ ಸ್ಟೀರಿಂಗಿನಲ್ಲಿ, ಮೇಷ್ಟ್ರು ಪಕ್ಕದಲ್ಲಿ, ನಾನು ಹಿಂದೆ. ಪಾಠದ ಕಾರಾದ್ದರಿಂದ ಅವರ ಕಾಲಡಿಗೂ ಒಂದು ಬ್ರೇಕ್ ಇತ್ತು. ತಿರುವಿನ ವಾಸನೆ ಬಂದರೆ ಸಾಕು, ಪಾದ ಅದರ ಮೇಲೆ ಬಂದು ಕೂರುತ್ತಿತ್ತು. “ಅಪ್ಪಾ, ಕಾಲು ತೆಗಿ,” ಎಂದು ದಾರಿಯುದ್ದಕ್ಕೂ ಮಗಳು ಗದರುತ್ತಿದ್ದರು.

ಐ.ಡಿ.ಹಳ್ಳಿಯಲ್ಲಿ ಟೀ ಕುಡಿಯಲು ನಿಂತೆವು. ಹಳೆಯ ಕಾರು ನೋಡಲು ನಾಲ್ಕು ಜನ ಸೇರಿದರು. ಬಾನೆಟ್ ಎತ್ತಿದಾಗ ಒಬ್ಬ ಟ್ರ್ಯಾಕ್ಟರ್ ಡ್ರೈವರ್ ಬಗ್ಗಿ ಬಗ್ಗಿ ನೋಡಿದ.

“ಏನ್ ಚೆನ್ನಾಗೈತೆ ಸಾಮಿ ಗಾಡಿ. ಒಂದ್ ವೈರೂ ಇಲ್ವಲ್ಲ, ಹೆಂಗ್ ಓಡ್ತದೆ ಇದು?”

“ಇಲ್ಲಿ ಕೈ ತಾ,” ಎಂದರು ಮೇಷ್ಟ್ರು.

ಅವನ ಮಣಿಕಟ್ಟು ಹಿಡಿದು, ಮಡ್‌ಗಾರ್ಡಿನ ಅಂಚಿನ ಕೆಳಗೆ ಇಳಿಸಿ, ನಿಧಾನವಾಗಿ ಮುಂದಕ್ಕೆ ನಡೆಸಿದರು. “ಇದು ಹಾರ್ನು. ಮುಂದಕ್ಕೆ ಬಾ. ಗಂಟು ಸಿಕ್ತಾ? ಅದು ದೀಪದ್ದು.” ಕಣ್ಣಿದ್ದವನು ತಾನೂ ಕಣ್ಣು ಮುಚ್ಚಿಕೊಂಡು, ಸಿಕ್ಕಿತು, ಸಿಕ್ಕಿತು ಎನ್ನುತ್ತಾ ಹೋದ. ಶಶಿಕಲಾ ಟೀ ಲೋಟ ಹಿಡಿದುಕೊಂಡು ರಸ್ತೆಯ ಕಡೆ ತಿರುಗಿ ನಿಂತಿದ್ದರು. ಲೋಟ ತಣ್ಣಗಾದರೂ ಕುಡಿಯಲಿಲ್ಲ.

ಆಮೇಲೂ ಮೇಷ್ಟ್ರು ವಾರಕ್ಕೆ ಎರಡು ಮೂರು ದಿನ ಬಸ್ಸು ಹತ್ತಿ ಬಂದು, ನನ್ನ ಬೆಂಚಿನಲ್ಲಿ ಕುಳಿತು, ಬೇರೆ ಗಾಡಿಗಳ ವೈರಿಂಗಿಗೆ ದಾರ ಸುತ್ತಿಕೊಡುತ್ತಿದ್ದರು. ಮೊಣಕಾಲು ನೋವಿಗೆ ಕಳೆದ ವರ್ಷ ನಾನು ಅಂಗಡಿ ಮುಚ್ಚುವವರೆಗೆ ಅದು ನಡೆಯಿತು.

ವೈರನ್ನು ಕಾಣದಂತೆ ಎಳೆಯುವುದು ಅಂಥ ದೊಡ್ಡ ವಿದ್ಯೆಯಲ್ಲ. ತಾಳ್ಮೆಯಿದ್ದವರು ಯಾರಾದರೂ ಕಲಿಯಬಹುದು. ಆ ಗಾಡಿಯನ್ನು ನಾಳೆ ಮುಟ್ಟುವ ಕೈ ಯಾರದು ಎಂದು ಕೆಲಸಕ್ಕೆ ಮೊದಲೇ ಕೇಳಬೇಕೆಂಬುದನ್ನು ನಾನು ಕಲಿತದ್ದು ಆ ಪದ್ಮಿನಿಯಿಂದ. ಅದಾದ ಮೇಲೆ ಎಂಜಿನ್ ಬೇ ಚೊಕ್ಕ ಮಾಡಿಸಲು ಯಾರೇ ಬಂದರೂ, ಬಾನೆಟ್ ಮುಚ್ಚುವ ಮುನ್ನ ಮಾಲೀಕರ ಕೈ ಹಿಡಿದು ಅಡಗಿಸಿದ ವೈರಿನುದ್ದಕ್ಕೂ ಒಮ್ಮೆ ನಡೆಸುತ್ತಿದ್ದೆ. ಇಸ್ತ್ರಿ ಬಟ್ಟೆ ಹಾಕಿ ಬಂದವರು ಗ್ರೀಸು ಮೆತ್ತುತ್ತದೆಂದು ಗೊಣಗುತ್ತಿದ್ದರು. ಮೆತ್ತಲಿ ಬಿಡಿ, ಸೋಪು ಕೊಡುತ್ತೇನೆ ಎನ್ನುತ್ತಿದ್ದೆ.