ಎದುರುಮನೆ ಅತ್ತೆಯ ಬಿಸಿನೀರು

ಎದುರುಮನೆ ಅತ್ತೆಯ ಎಡಹುಬ್ಬು ಸದಾ ಅರ್ಧ ಸುಟ್ಟಿರುತ್ತಿತ್ತು. ಪಂಪ್ ಸ್ಟೌ ಹೊತ್ತಿಸುವಾಗ ಮುಖವನ್ನು ಬರ್ನರಿನ ಮೇಲೇ ಬಗ್ಗಿಸುತ್ತಿದ್ದರು. ಯಾರಾದರೂ ಬೈದರೆ, "ಕೂದ್ಲು ತಾನೆ, ಬೆಳೀತದೆ ಬಿಡಿ" ಎನ್ನುತ್ತಿದ್ದರು.

ಪೀಣ್ಯದ ನಮ್ಮ ವಠಾರದ ಗಂಡಸರೆಲ್ಲ ಹಿಂದಿನ ರಸ್ತೆಯ ಒಂದೇ ಕಾರ್ಖಾನೆಗೆ ಹೋಗುತ್ತಿದ್ದರು. ಅಲ್ಲಿ ಬಾಯ್ಲರ್ ಸಿಡಿದ ದಿನ ನಾಲ್ಕು ಮನೆಯ ಗಂಡಸರು ಹಿಂತಿರುಗಲಿಲ್ಲ. ನನ್ನಪ್ಪ ಒಬ್ಬರು, ಅತ್ತೆಯ ಗಂಡ ಒಬ್ಬರು. ಅತ್ತೆಗೆ ಮಕ್ಕಳಿರಲಿಲ್ಲ.

ತಿಥಿ ಮುಗಿದ ಮೇಲೆ ನಾಲ್ಕೂ ಬಾಗಿಲು ಮುಚ್ಚಿದವು. ಒಬ್ಬರ ಮುಖ ಒಬ್ಬರು ನೋಡಿದರೆ ಆ ದಿನವೇ ಎದುರಿಗೆ ಬಂದು ನಿಲ್ಲುತ್ತಿತ್ತು. ನಲ್ಲಿಗೂ ಹೆಂಗಸರು ಹೊತ್ತು ತಪ್ಪಿಸಿ ಬರುತ್ತಿದ್ದರು. ಅಮ್ಮ ನನ್ನೊಂದಿಗೂ ಮಾತು ಬಿಟ್ಟಳು. ಒಂದು ದಿನ ಗೋಡೆಗೆ ಮುಖ ಮಾಡಿಕೊಂಡೇ, "ಕಾಲೇಜು ಸಾಕು. ಊರಿಗೆ ಹೋಗೋಣ" ಎಂದಳು. ನಮ್ಮ ವಂಶದಲ್ಲಿ ಹತ್ತನೇ ಕ್ಲಾಸು ದಾಟಿದವಳು ನಾನೊಬ್ಬಳೇ. ಪುಸ್ತಕಗಳನ್ನು ಗಂಟು ಕಟ್ಟಿಟ್ಟೆ.

ಕಾರ್ಖಾನೆ ಮತ್ತೆ ತೆರೆಯಿತು. ಸಂಜೆ ಶಿಫ್ಟು ಬಿಡುವ ಸೈರನ್ ಕೂಗಿತು. ಎಣ್ಣೆ ಮೈಯಲ್ಲಿ ಬರುವ ಗಂಡಂದಿರ ಸ್ನಾನಕ್ಕೆ ಆ ಸದ್ದಿಗೇ ನೀರು ಕಾಯಲಿಡುವುದು ವಠಾರದ ರೂಢಿ. ಅಮ್ಮ ಎದ್ದು ನೀರಿಟ್ಟಳು. ಕುದಿ ಬಂದಾಗ ನೆನಪಾಗಿ, ಹೊರಗೆ ಬಂದು ಹೊಸ್ತಿಲಲ್ಲಿ ನಿಂತಳು. ಉಳಿದ ಮೂವರೂ ಅದೇ ತಪ್ಪು ಮಾಡಿ ತಮ್ಮ ತಮ್ಮ ಹೊಸ್ತಿಲಲ್ಲಿ ನಿಂತಿದ್ದರು.

"ನೀನೂ ಇಟ್ಯೇನೇ?" ಅತ್ತೆ ಕೇಳಿದರು.

"ಇಟ್ಬಿಟ್ಟೆ ಅತ್ಗೆ." ಅಮ್ಮ ಅಲ್ಲೇ ಕುಸಿದು ಗೊಳೋ ಎಂದು ಅತ್ತಳು.

"ಅಂಗೆ, ಬಾಗ್ಲು ತೆಗ್ದು ಅಳು. ಒಬ್ಬೊಬ್ರೇ ಒಳಗೆ ಕೊಳೀಬ್ಯಾಡ್ರಿ." ಆಮೇಲೆ ನನ್ನತ್ತ ತಿರುಗಿದರು. "ಏನೇ ಕಾಲೇಜು ಮೇಡಂ, ತಲೆಗೆ ನೀರು ಬಿದ್ದು ಎಷ್ಟು ದಿನ ಆಯ್ತು? ಬಾ ಇಲ್ಲಿ. ಸೀಮೆಎಣ್ಣೆ ಏನು ಪುಕ್ಸಟ್ಟೆ ಬತ್ತದಾ?"

ನಾಲ್ಕು ಮನೆಯ ನೀರನ್ನೂ ಹೊರಗೆ ತರಿಸಿ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಮ್ಮೆಲ್ಲ ಮಕ್ಕಳ ತಲೆ ತೊಳೆದರು. ನನ್ನ ತಲೆ ತಿಕ್ಕುತ್ತಲೇ ಅಮ್ಮನಿಗೆ ಹೇಳಿದರು: "ಇವ್ಳು ಓದ್ಲಿ. ಊರಲ್ಲೂ ನಿನ್ ಗಂಡ ಇಲ್ಲ ಕಣೇ."

ಅಮ್ಮ ಊರಿನ ಮಾತು ಮತ್ತೆ ಎತ್ತಲಿಲ್ಲ. ನಾನು ಡಿಗ್ರಿ ಮುಗಿಸಿದೆ. ಕೆಲಸ ಸಿಕ್ಕಿ ಹೆಬ್ಬಗೋಡಿಗೆ ಬಂದೆವು. ಉಳಿದ ಎರಡು ಮನೆಯವರೂ ಬೇರೆಡೆಗೆ ಹೋದರು. ಎಷ್ಟು ಕರೆದರೂ ಅತ್ತೆ ಬರಲಿಲ್ಲ. ಅವರು ತೀರಿಕೊಂಡ ಸುದ್ದಿ ತಿಳಿದು ನಾವು ಮೂರೂ ಮನೆಯವರು ಬಂದಾಗ ವಠಾರದ ತುಂಬ ಹೊಸಬರು. ಅತ್ತೆಯ ಹೆಸರೂ ತಿಳಿಯದೆ ದೂರ ನಿಂತು ನೋಡುತ್ತಿದ್ದರು.

"ಹೆಗಲು ಕೊಡೋಕೆ ಗಂಡಸ್ರು ಯಾರಮ್ಮ?" ಮನೆ ಓನರ್ ಕೇಳಿದರು.

"ನಮ್ ಗಂಡಸ್ರೆಲ್ಲ ಒಂದೇ ದಿನ ಹೋದ್ರು ಸಾರ್. ದಾರಿ ಬಿಡಿ," ಎಂದಳು ಅಮ್ಮ.

ಉಳಿದಿದ್ದ ಮೂವರು ಹೆಂಗಸರೂ ಚಟ್ಟಕ್ಕೆ ಬಗ್ಗಿದರು. ನಾಲ್ಕನೆಯ ಹೆಗಲು ನಾನು ಕೊಟ್ಟೆ.